ಬೆಕ್ಕಿಗೊಂದು ನಕ್ಷತ್ರ

ಪಿಎಚ್.ಡಿ.ಗೆ ಸೇರಿದವರನ್ನು ‘ಏನಪ್ಪಾ, ಬರೆಯೋದು ಎಲ್ಲಿಗೆ ಬಂತು?’ ಅಂತ ಕೇಳಬಾರದು. ಪಾಪ, ಅವರಿನ್ನೂ ಓದಬೇಕಾದ ಲೇಖನಗಳನ್ನೇ ಹುಡುಕುತ್ತಿರುತ್ತಾರೆ.

ಡೇಟಾಬೇಸಿನಲ್ಲಿ ಎರಡು ಪದಗಳ ನಡುವೆ ‘ಆ್ಯಂಡ್’ ಹಾಕಿದರೆ ಎರಡೂ ಇರುವ ಲೇಖನಗಳಷ್ಟೇ ಬರುತ್ತವೆ, ಅಂದರೆ ಬಹುತೇಕ ಸೊನ್ನೆ. ‘ಆರ್’ ಹಾಕಿ ನೋಡಿ, ಬೇಡ ಬೇಡವೆಂದರೂ ಬಡಿಸುವ ಬೀಗರ ಹಾಗೆ ಸುರಿಯುತ್ತದೆ. ಈ ತರ್ಕಕ್ಕೆ ಬುನಾದಿ ಹಾಕಿದ ಗಣಿತಜ್ಞ ಜಾರ್ಜ್ ಬೂಲ್ 1864ರಲ್ಲೇ ತೀರಿಕೊಂಡರು. ಹೋಗಿ ಜಗಳವಾಡಲೂ ಆಗದು.

ಇನ್ನು ನಕ್ಷತ್ರ ಚಿಹ್ನೆ. ಪದದ ಮೊದಲ ಭಾಗ ಬರೆದು ಅದನ್ನಿಟ್ಟರೆ ಹಾಗೆ ಶುರುವಾಗುವ ಪದಗಳೆಲ್ಲ ಎದ್ದು ಬರುತ್ತವೆ. ಪಶುವೈದ್ಯೆಯೊಬ್ಬಳು ಬೆಕ್ಕನ್ನು ಹುಡುಕಲು ‘ಕ್ಯಾಟ್’ಗೆ ನಕ್ಷತ್ರ ಹಚ್ಚಿದಳೆನ್ನಿ: ಕ್ಯಾಟರಾಕ್ಟ್, ಕ್ಯಾಟಲಾಗ್, ಕ್ಯಾಟಲಿಸ್ಟ್ ಎಲ್ಲ ಹಾಜರ್. ಬೆಕ್ಕು ಮಾತ್ರ ಎಲ್ಲೋ ಏಳನೇ ಪುಟದಲ್ಲಿ ಮಲಗಿರುತ್ತದೆ.

ಬೇಕಾದ ಲೇಖನ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸಾರಾಂಶ ಪುಕ್ಕಟೆ, ಪೂರ್ತಿ ಓದಲು ಡಾಲರ್ ಎಣಿಸಬೇಕು. ಆಗ ನೆನಪಾಗುವುದು ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಯಾರು ಬೇಕಾದರೂ ಓದುವಂತಿವೆ. ತೊಂದರೆಯೆಂದರೆ, ನಿಮ್ಮದೇ ವಿಷಯದಲ್ಲಿ ಇನ್ಯಾರೋ ಆಗಲೇ ಡಾಕ್ಟರೇಟ್ ಪಡೆದಿರುವುದೂ ಅಲ್ಲೇ ಗೊತ್ತಾಗುತ್ತದೆ. ಇದನ್ನು ಗೈಡ್‌ಗೆ ಹೇಳಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಯಾವ ಡೇಟಾಬೇಸಿನಲ್ಲೂ ಫಲಿತಾಂಶ ಸೊನ್ನೆ.