ಒಂದು ಲೋಟ ಬಿಸಿನೀರು

ನಿನ್ನೆ ಬೆಳಗ್ಗೆ ಕಾಂಪೌಂಡಿನ ಆಚೆಯಿಂದ ಕರಿಬೇವು ಕೇಳಿದ ಪಕ್ಕದ ಮನೆ ಸೀತತ್ತೆ, ಅದರ ಹಿಂದೆಯೇ ಇನ್ನೊಂದು ಕೇಳಿದರು. "ಏನಪ್ಪಾ, ಈ 'ಈಕ್ ಔಟ್' ಅಂದ್ರೇನು? ಮೊಮ್ಮಗಳು ರಾತ್ರಿಯೆಲ್ಲ ಉರು ಹೊಡೀತಿದ್ಲು. ಟೀವೀಲಿ ಯಾರೋ ಔಟಾದ್ರು ಅಂದ್ಕೊಂಡೆ."

"ಪುಸ್ತಕದಲ್ಲಿ ಏನಂತ ಇದೆ ಅತ್ತೆ?"

"ಕಷ್ಟಪಟ್ಟು ಜೀವನ ಸಾಗಿಸು ಅಂತ."

ಹಾಗೇ ಇರುತ್ತೆ. ಪೇಪರಿನಲ್ಲೂ ಬಡವರ ಸುದ್ದಿ ಬಂದಾಗೆಲ್ಲ ಈ ಮಾತು 'ಲಿವಿಂಗ್' ಅನ್ನೋದನ್ನ ಬಾಲದ ಹಾಗೆ ಅಂಟಿಸಿಕೊಂಡು ಬರುತ್ತೆ. ಕ್ರೀಡಾಪುಟದಲ್ಲಂತೂ ಗೆಲುವನ್ನೇ ಈಕ್ ಔಟ್ ಮಾಡ್ತಾರೆ. ಆದರೆ ಈಕ್ ಅನ್ನೋದು ಇಂಗ್ಲಿಷಿನ ಮುದಿ ಕ್ರಿಯಾಪದ. ಅದಕ್ಕೆ ಮೊದಲಿದ್ದ ಅರ್ಥ ಕಷ್ಟಪಡೋದಲ್ಲ, ಹೆಚ್ಚಿಸೋದು. ನಿಕ್‌ನೇಮ್ ಇದೇ ಮನೆತನದ್ದು. ಹಿಂದೆ ಅದು 'ಆನ್ ಈಕ್ ನೇಮ್', ಅಂದರೆ ಇರೋ ಹೆಸರಿನ ಮೇಲೊಂದು ಹೆಸರು. ಜನರ ಬಾಯಲ್ಲಿ 'ಆನ್'ನ ನಕಾರ ಜಾರಿ ಪಕ್ಕದ ಪದಕ್ಕೆ ಅಂಟಿಕೊಂಡಿತು.

"ಇರೋದಕ್ಕೆ ಇನ್ನೇನೋ ಸೇರಿಸಿ ಸಾಲೋ ಹಾಗೆ ಮಾಡೋದು ಅತ್ತೆ. ಹಾಲಿಗೆ ನೀರು, ಪೆನ್ಷನ್ನಿಗೆ ಮನೆಪಾಠ."

ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ದೊಡ್ಡ ಪುಸ್ತಕ ಬರೆದ ಫೌಲರ್ ಇದೇ ತಕರಾರು ತೆಗೆದಿದ್ದ: ವರಮಾನವನ್ನು ಈಕ್ ಔಟ್ ಮಾಡಬಹುದು, ಜೀವನೋಪಾಯವನ್ನಲ್ಲ. ಕೇಳಿದವರು ಯಾರು? ಈಗ ನಿಘಂಟುಗಳು ಎರಡನ್ನೂ ಒಪ್ಪಿವೆ. ಮೊಮ್ಮಗಳ ಉತ್ತರಕ್ಕೆ ಅಂಕ ಸಿಕ್ಕೇ ಸಿಗುತ್ತೆ.

"ಕನ್ನಡದಲ್ಲಿ ಸರಿದೂಗಿಸೋದು ಅನ್ನಿ," ಅಂದೆ.

ಸೀತತ್ತೆ ಒಪ್ಪಲಿಲ್ಲ. "ಅದು ಲೆಕ್ಕದ ಮಾತು ಕಣೋ. ಹಳೇ ಅಕ್ಕಿ ಒದಗುತ್ತೆ ಅನ್ನಲ್ವಾ? ನಾಲ್ಕು ಜನಕ್ಕೆ ಸಾರು ಮಾಡಿರ್ತೀವಿ, ಎಲೆ ಹಾಕೋ ಹೊತ್ತಿಗೆ ಇಬ್ಬರು ನೆಂಟರು ಬರ್ತಾರೆ. ಒಂದು ಲೋಟ ಬಿಸಿನೀರು, ಚೂರು ಸಾರಿನಪುಡಿ, ಚಿಟಿಕೆ ಉಪ್ಪು, ಒಂದು ಕುದಿ. ಅದು ಒದಗಿಸೋದು."

ನಾನು ಸುಮ್ಮನಾದೆ. ಕಚೇರಿಯವರ ಕೈಗೆ ಸಿಕ್ಕಿ 'ಮಾಹಿತಿ ಒದಗಿಸತಕ್ಕದ್ದು' ಆಗಿಹೋದ ಪದ, ಅಡುಗೆಮನೆಯಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ಮಧ್ಯಾಹ್ನ ನಮ್ಮನೆಗೂ ಒಂದು ಬಟ್ಟಲು ಸಾರು ಬಂತು. ಒದಗಿಸಿದ್ದೇ ಅದು; ಬಾಯಿಗಿಟ್ಟ ಕೂಡಲೇ ಗೊತ್ತಾಯಿತು.