ಬಾಯ್ಲರ್ ಕಾಕಾ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಮಿಲ್ಲಿಗೆ ಹೋದರೆ ಸಾಹುಕಾರರು ಸಿಗುವುದು ಅನುಮಾನ, ಬಾಯ್ಲರ್ ಕಾಕಾ ಸಿಗುವುದು ಖಂಡಿತ. ಮೈಮೇಲೆ ಹೊಟ್ಟಿನ ಬೂದಿ, ಹೆಗಲಿಗೆ ಒಂದು ಕಾಲಕ್ಕೆ ಬೆಳ್ಳಗಿದ್ದ ಟವೆಲ್ಲು, ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿಟ್ಟ ಅಟೆಂಡೆಂಟ್ ಸರ್ಟಿಫಿಕೇಟಿನ ಜೆರಾಕ್ಸು. ಮದುವೆಗೆ ಹೋದರೂ ಅದು ಜೇಬಿನಲ್ಲೇ. ಯಾರೂ ಕೇಳದಿದ್ದರೂ ತೋರಿಸುತ್ತಾರೆ.

ಬ್ಲೋಡೌನ್ ಬಿಡುವ ಹೊತ್ತಿಗೆ ಕಾಕಾ ಬೇರೆಯೇ ಮನುಷ್ಯ. ಬೀಗರ ಫೋನ್ ಬಂದರೂ ಎತ್ತುವುದಿಲ್ಲ. ಕಣ್ಣು ಗೇಜ್ ಗ್ಲಾಸಿನ ಮೇಲೆ, ಕೈ ವಾಲ್ವಿನ ಮೇಲೆ. ಬಾಯ್ಲರಿಗೆ ಹತ್ತಿರದ ವಾಲ್ವ್ ಮೊದಲು ತೆರೆಯಬೇಕು, ಮುಚ್ಚುವಾಗ ಅದೇ ಕೊನೆಗೆ. ಬುಸ್ಸೆಂದು ತಳದ ರಾಡಿ ಹೊರಬೀಳುತ್ತದೆ. ನಾಲ್ಕೈದು ಸೆಕೆಂಡಿಗೆ ಬಂದ್. ಸ್ವಲ್ಪ ತಡೆದು ಮತ್ತೊಮ್ಮೆ. ಒಂದೇ ಸಲ ಉದ್ದಕ್ಕೆ ಬಿಟ್ಟರೆ ರಾಡಿಗಿಂತ ಒಳ್ಳೆಯ ನೀರೇ ಹೆಚ್ಚು ಹೋಗುತ್ತದೆ. ನೀರಿನ ಮಟ್ಟ ಇಳಿದು ಟ್ಯೂಬು ಬಯಲಾದರಂತೂ ದೇವರೇ ಗತಿ.

ಶಾಸ್ತ್ರ ಹೀಗಿದ್ದರೂ ಕಾಕಾನಿಗೆ ಸಿಟ್ಟು ಬರಬಾರದೆಂದೇನೂ ಇಲ್ಲವಲ್ಲ. ಬುಸ್ಸೆಂಬ ಸದ್ದು ಕೇಳಿದ ಕೂಡಲೇ ಅಂಗಳದ ಹಮಾಲರು ಎಣಿಸತೊಡಗುತ್ತಾರೆ. ಐದರೊಳಗೆ ನಿಂತರೆ ಎಲ್ಲ ಸುಸೂತ್ರ. ಹತ್ತು ದಾಟಿತೋ, ಕಾಕಾನಿಗೆ ಇವತ್ತು ಮುಂಗಡ ಸಿಕ್ಕಿಲ್ಲ.

ಸಣ್ಣ ಸಾಹುಕಾರರು ಎಂಬಿಎ ಓದಿ ಬಂದವರು. ದುಡ್ಡಿನ ಹೊಟ್ಟು ಉರಿಸಿ ಕಾಸಿದ ನೀರು ಮೋರಿಗೆ ಹೋಗುವುದನ್ನು ಕಂಡರೆ ಅವರ ಹೊಟ್ಟೆಯೂ ಉರಿಯುತ್ತದೆ.

"ಸಾಫ್ಟ್ನರ್ ಹಾಕ್ಸೀನಲ್ಲ ಕಾಕಾ, ಮತ್ಯಾಕ ನೀರು ಚೆಲ್ತಿ?"

"ಅದು ಸುಣ್ಣ ಹಿಡಕೊಂಡು ಸೋಡಿಯಂ ಬಿಡ್ತೈತ್ರಿ ಸಾಹುಕಾರ್ರ. ಉಪ್ಪೇನೂ ಕಡಿಮಿ ಆಗಂಗಿಲ್ಲ. ಉಗಿ ಎದ್ದು ಹೋಗ್ತೈತಿ, ಉಪ್ಪು ಇಲ್ಲೇ ಕುಂದರ್ತೈತಿ."

ಲೆಕ್ಕ ಗೋಡೆಯ ಮೇಲೇ ಇದೆ, ಸೀಮೆಸುಣ್ಣದಲ್ಲಿ. ಒಳಹೋಗುವ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪು, 300; ಒಳಗೆ 3000 ದಾಟಬಾರದು. 300ನ್ನು ಇವೆರಡರ ಅಂತರ 2700ರಿಂದ ಭಾಗಿಸಿದರೆ ಉಗಿಯ ನೂರಕ್ಕೆ 11 ಪಾಲು ಹೊರಗೆ. ಗಂಟೆಗೆ 3 ಟನ್ ಉಗಿಗೆ 330 ಲೀಟರ್ ಚಿಲ್ಲರೆ. ಸಾಹುಕಾರರು ಮೊಬೈಲಿನಲ್ಲಿ 24ರಿಂದ ಗುಣಿಸಿ ಕುರ್ಚಿ ಹಿಡಿದು ಕುಳಿತರು: ದಿನಕ್ಕೆ 8 ಸಾವಿರ ಲೀಟರ್! ಬೇಸಗೆಯಲ್ಲಿ ಬೋರಿನ ನೀರು 600ಕ್ಕೆ ಏರಿದರೆ ಪಾಲು ಬರೀ ದುಪ್ಪಟ್ಟಲ್ಲ, ನೂರಕ್ಕೆ 25 ಎಂಬುದನ್ನು ಕಾಕಾ ದಯೆಯಿಂದ ಆವತ್ತು ಹೇಳಲಿಲ್ಲ.

ಬ್ಲೋಡೌನ್ ಬೇಡವೇ ಬೇಡ ಎಂದು ಹುಕುಂ ಆಯಿತು. ಕಾಕಾ ಕೈಕಟ್ಟಿ ಬೆಂಚಿನ ಮೇಲೆ ಕುಳಿತರು. ನೋಡನೋಡುತ್ತ ನೀರು ನೊರೆ ಎದ್ದಿತು, ಗೇಜ್ ಗ್ಲಾಸಿನಲ್ಲಿ ಮಟ್ಟ ಮೇಲೆ ಕೆಳಗೆ ಕುಣಿಯಿತು, ಉಗಿಯ ಜೊತೆ ಉಪ್ಪುನೀರೂ ಹೊರಟು ಭತ್ತ ಬೇಯಿಸುವ ಟ್ಯಾಂಕಿನ ತನಕ ಹೋಯಿತು. ಮಿಲ್ಲಿಗೆ ಮಿಲ್ಲೇ ಗಾಬರಿಯಾಗಿದ್ದಾಗ ಅಷ್ಟು ಸಂತೋಷದ ಮುಖ ಒಂದೇ ಒಂದಿತ್ತು.

ವರ್ಷಕ್ಕೊಮ್ಮೆ ಬಾಯ್ಲರ್ ಇನ್ಸ್‌ಪೆಕ್ಟರ್ ಬರುವ ದಿನ ಕಾಕಾನಿಗೆ ಜಾತ್ರೆ. ಮ್ಯಾನ್‌ಹೋಲ್ ತೆಗೆಸಿ, ಬ್ಯಾಟರಿ ಬಿಟ್ಟು, ಟ್ಯೂಬನ್ನು ಉಗುರಿನಿಂದ ಕೆರೆದು ತೋರಿಸುತ್ತಾರೆ: "ಉಗುರಿಗೂ ಹತ್ತಂಗಿಲ್ರಿ ಸರ್." ಸುಣ್ಣದ ತೆಳು ಪದರ ಕಟ್ಟಿದರೂ ಬೆಂಕಿಯ ಶಾಖ ನೀರಿಗೆ ಮುಟ್ಟದೆ ಚಿಮಣಿಯಲ್ಲಿ ಹೋಗುತ್ತದೆಂದು ಸಾಹುಕಾರರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರದ್ದು ಬಂದಿದೆ ಎಂದು ಯಾರೋ ಅಂದದ್ದಕ್ಕೆ, "ಉಪ್ಪಿನ ಗುಣ ಬದಲಾಗೇತೇನ್ರಿ?" ಎಂದು ಕೇಳಿ ಸುಮ್ಮನಾಗಿಸಿದರು.

ಈಗ ಸಣ್ಣ ಸಾಹುಕಾರರು ಸೆನ್ಸರಿನ ಪೆಟ್ಟಿಗೆ ಕೂಡಿಸಿದ್ದಾರೆ. ಮೇಲ್ನೀರಿನ ಟಿಡಿಎಸ್ ಅದೇ ಅಳೆದು, ಬೇಕಾದಷ್ಟೇ ಬಿಟ್ಟು, ಅದೇ ಮುಚ್ಚುತ್ತದೆ. ನೀರೂ ಉಳಿಯಿತು, ಹೊಟ್ಟೂ ಉಳಿಯಿತು; ನ್ಯಾಯವಾಗಿ ಹೇಳಬೇಕೆಂದರೆ ಕಾಕಾನ ಸಿಟ್ಟಿನ ಖರ್ಚು ಕಡಿಮೆಯಾಯಿತು. ಮೊದಮೊದಲು ಕಾಕಾ ಆ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಈಗ ಅದು ಕಟಕ್ಕೆಂದಾಗೆಲ್ಲ "ಹೂಂ, ಬಿಡಪಾ" ಎಂದು ಅಪ್ಪಣೆ ಕೊಡುತ್ತಾರೆ. ತಳದ ರಾಡಿ ಪೆಟ್ಟಿಗೆಯ ಕೈಗೆ ಸಿಗುವುದಿಲ್ಲವಾದ್ದರಿಂದ ಕೆಳಗಿನ ವಾಲ್ವ್ ಇನ್ನೂ ಕಾಕಾನ ವಶದಲ್ಲೇ ಇದೆ.

ಅದಕ್ಕೂ ಟೈಮರ್ ಸಿಗುತ್ತದಂತೆ ಎಂದು ಸಾಹುಕಾರರು ಬಾಯಿಬಿಟ್ಟ ಮಧ್ಯಾಹ್ನ, ಹಮಾಲರು ಎಣಿಸುತ್ತಾ ಎಣಿಸುತ್ತಾ ಹದಿನೆಂಟಕ್ಕೆ ಬೇಸತ್ತು ಚಹಾ ಕುಡಿಯಲು ಹೋದರು.