ಕಂದುಕಾಧಿಕಾರ ನಿರ್ಣಯ
ಅಥವಾ ಅಮೆರಿಕದ ಕಾಲೇಜು ಆಟಗಾರರ ಶುದ್ಧಾಶುದ್ಧ ವಿಚಾರ

ಶಾಸ್ತ್ರಗ್ರಂಥವನ್ನು ಬರೆಯಹೊರಟವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ಮೊದಲಲ್ಲಿಯೇ ಹೇಳಿಬಿಡತಕ್ಕದ್ದೆಂಬುದು ನಮ್ಮ ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದಲ್ಲಿ ವಿಷಯವು ಅಮೆರಿಕದ ಕಾಲೇಜುಗಳಲ್ಲಿ ಚೆಂಡಾಡುವ ತರುಣರು. ಸಂಬಂಧವು ಆ ತರುಣರಿಗೂ ಪಠ್ಯಪುಸ್ತಕಗಳಿಗೂ ಇರುವುದೆಂದು ನಂಬಲಾಗಿರುವ ನಂಟು. ಪ್ರಯೋಜನವು ಟೆಲಿವಿಷನ್ ಕಂಪೆನಿಗಳಿಂದ ಬರತಕ್ಕ ದ್ರವ್ಯ. ಉಳಿದದ್ದು ಅಧಿಕಾರಿಯ ವಿಚಾರ: ಯಾವನು ಆಡಲು ಯೋಗ್ಯನು, ಯಾವನು ಅಲ್ಲ. ಇದೊಂದನ್ನು ನಿರ್ಣಯಿಸುವುದಕ್ಕಾಗಿ ಇಂಡಿಯಾನಾಪೊಲಿಸ್ ನಗರದಲ್ಲಿ ನೆಲಸಿರುವ ಎನ್‌ಸಿಎಎ ಎಂಬ ಮಹಾಸಂಸ್ಥೆಯು ನಾನ್ನೂರು ಪುಟಗಳನ್ನೂ ಮೀರಿದ ನಿಯಮಾವಳಿಯನ್ನು ರಚಿಸಿ, ಅದನ್ನು ವರ್ಷವರ್ಷವೂ ತಿದ್ದುತ್ತ ಬಂದಿರುವುದು. ಯಜ್ಞದ ಸೌಟಿನ ಅಳತೆಗಾಗಿ ಮೀಮಾಂಸಕರು ಆಯುಷ್ಯ ಕಳೆದರೆಂದು ನಗುವ ಆಧುನಿಕರು ಈ ಗ್ರಂಥವನ್ನು ಒಮ್ಮೆ ತಿರುವಿಹಾಕಬೇಕೆಂದು ಪ್ರಾರ್ಥನೆ.

ಇದರ ಬುಡದಲ್ಲಿರುವ ತತ್ತ್ವವು ನಮಗೆ ಅಪರಿಚಿತವಲ್ಲ. ಅದು ನಿಷ್ಕಾಮಕರ್ಮವೇ ಸರಿ. ಜನಸಾಗರದ ನಡುವೆ ಮೂಳೆ ಮುರಿಯುವಂತೆ ಸೆಣಸುವ ತರುಣನು ಬೋಧನಶುಲ್ಕ, ವಸತಿ, ಊಟ, ಪುಸ್ತಕಗಳಿಗೆ ಸಾಲುವ ವಿದ್ಯಾರ್ಥಿವೇತನವೊಂದನ್ನುಳಿದು ಬೇರಾವ ಫಲವನ್ನೂ ಬಯಸಕೂಡದೆಂದು ಬಹುಕಾಲ ವಿಧಿಯಿದ್ದಿತು. ಆದರೆ ಕರ್ಮ ನಡೆದ ಮೇಲೆ ಫಲವು ಹುಟ್ಟಿಯೇ ತೀರುವುದರಿಂದಲೂ, ಹುಟ್ಟಿದ ಫಲವನ್ನು ಬೀದಿಯಲ್ಲಿ ಬಿಡುವುದು ಅಧರ್ಮವಾದುದರಿಂದಲೂ, ಆ ಭಾರವನ್ನು ತರಬೇತುದಾರರೂ ವಿಶ್ವವಿದ್ಯಾನಿಲಯಗಳೂ ಲೋಕಹಿತಾರ್ಥವಾಗಿ ತಮ್ಮ ಹೆಗಲಿಗೇರಿಸಿಕೊಂಡಿದ್ದರು. ಇಂಥ ತ್ಯಾಗವನ್ನು ಕಂಡೂ ಅದನ್ನು ಶೋಷಣೆಯೆಂದವರುಂಟು. ಪೂರ್ವಪಕ್ಷಕ್ಕೂ ಯಾರಾದರೂ ಬೇಕಷ್ಟೆ.

ಇನ್ನು ಉತ್ಪತ್ತಿ. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ವಿನ್ನಿಪೆಸಾಕಿ ಸರೋವರದಲ್ಲಿ ದೋಣಿಯ ಪಂದ್ಯವಾಡಿದುದೇ ಆ ದೇಶದ ಅಂತರಕಾಲೇಜು ಕ್ರೀಡೆಗೆ ಆದಿ. ಹುಡುಗರ ಖರ್ಚನ್ನೆಲ್ಲ ವಹಿಸಿಕೊಂಡುದು ನೋಡಲು ಬರುವ ಜನರಿಗೆ ಟಿಕೀಟು ಮಾರಬಯಸಿದ ಒಂದು ರೈಲ್ವೆ ಕಂಪೆನಿ. ಹೀಗೆ ಶಿಶುವು ಅಶೌಚದಲ್ಲಿಯೇ ಜನಿಸಿತು. 1855ರ ಎರಡನೆಯ ಪಂದ್ಯಕ್ಕೇ ಹಾರ್ವರ್ಡಿನ ಚುಕ್ಕಾಣಿಗನು ಈಗಾಗಲೇ ಪದವೀಧರನೆಂಬ ಆಕ್ಷೇಪವೆದ್ದಿತು.

ಆ ಯುಗದ ಸ್ವೇಚ್ಛೆಯನ್ನು ಅರಿಯಲು ಫೀಲ್ಡಿಂಗ್ ಯೋಸ್ಟನ ಆಖ್ಯಾನವೊಂದೇ ಸಾಕು. ಈತನು 1896ರ ಶರತ್ಕಾಲದಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ವಿದ್ಯಾರ್ಥಿ. ಅದರ ತಂಡವು ಲಫಾಯೆಟ್ ಕಾಲೇಜಿನೊಡನೆ ಫುಟ್‌ಬಾಲ್ ಆಡಿ ಸೋತಿತು. ಮರುವಾರ ಲಫಾಯೆಟ್ ತಂಡವು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೇಲೆ ಏರಿಹೋದಾಗ, ಅದರ ಸಾಲಿನಲ್ಲಿ, ವಿದ್ಯಾದಾಹದಿಂದ ಆ ಒಂದು ವಾರದೊಳಗೆ ಕಾಲೇಜು ಬದಲಾಯಿಸಿದ್ದ ಯೋಸ್ಟನು ನಿಂತಿದ್ದನು! ಪೆನ್ಸಿಲ್ವೇನಿಯಾದ ಮೂವತ್ತಾರು ಪಂದ್ಯಗಳ ವಿಜಯಪರಂಪರೆಯು 6-4ರಲ್ಲಿ ಮುರಿದುಬಿದ್ದಿತು. ದಾಹ ಹಿಂಗಿದ ಯೋಸ್ಟನು ಕೆಲವೇ ವಾರಗಳಲ್ಲಿ ವೆಸ್ಟ್ ವರ್ಜೀನಿಯಾಕ್ಕೆ ಹಿಂದಿರುಗಿ, ಮಾರನೆಯ ವರ್ಷ ಕಾನೂನು ಪದವಿಯನ್ನು ಅಲ್ಲಿಯೇ ಪಡೆದು, ಮುಂದೆ ಮಿಷಿಗನ್‌ನ ತರಬೇತುದಾರನಾಗಿ ಪ್ರಾತಃಸ್ಮರಣೀಯನಾದನು. ಯೇಲ್ ತಂಡದ ನಾಯಕ ಜೇಮ್ಸ್ ಹೋಗನನಾದರೋ ಸ್ಥಿರಚಿತ್ತದವನು. ಕಾಲೇಜು ಬಿಟ್ಟು ಕದಲಲಿಲ್ಲ. ಉಚಿತ ಊಟ ವಸತಿ, ಕ್ಯೂಬಾ ದ್ವೀಪಕ್ಕೊಂದು ವಿಹಾರಯಾತ್ರೆ, ಊರಿನಲ್ಲಿ ಮಾರಾಟವಾದ ಸಿಗರೇಟುಗಳ ಮೇಲೆ ದಲ್ಲಾಳಿ, ಇವೆಲ್ಲ ಇದ್ದಲ್ಲಿಗೇ ಬಂದವು.

ಮೈದಾನದಲ್ಲಿ ಪ್ರಾಣಹಾನಿಯೂ ಹೆಚ್ಚಿದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು 1905ರಲ್ಲಿ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಗದರಿದರು. 1906ರಲ್ಲಿ ಸಂಸ್ಥೆ ಹುಟ್ಟಿತು, 1910ರಲ್ಲಿ ಈಗಿನ ಹೆಸರು ಬಂದಿತು. 1948ರಲ್ಲಿ ‘ಸ್ಯಾನಿಟಿ ಕೋಡ್’, ಎಂದರೆ ಸ್ವಸ್ಥಚಿತ್ತ ಸಂಹಿತೆ, ಎಂಬ ಕಟ್ಟುನಿಟ್ಟಾದ ಶಾಸನವನ್ನು ಹೊರಡಿಸಿದರಾದರೂ, ಸ್ವಸ್ಥಚಿತ್ತವು ಆ ಕ್ಷೇತ್ರಕ್ಕೆ ಒಗ್ಗದೆ 1951ರ ಹೊತ್ತಿಗೆ ಕಣ್ಮರೆಯಾಯಿತು.

ಈಗ ಕಾಲನಿರ್ಣಯಪ್ರಕರಣ. ಪ್ರೌಢಶಾಲೆಯ ಪ್ರತಿಭಾವಂತನನ್ನು ಕಾಲೇಜಿನವರು ಯಾವಾಗ ಮಾತನಾಡಿಸಬಹುದೆಂಬುದಕ್ಕೆ ನಾಲ್ಕು ಬಗೆಯ ಕಾಲಗಳುಂಟು. ಸಂಪರ್ಕಕಾಲದಲ್ಲಿ ಮನೆಗೇ ಹೋಗಿ ತಾಯಿತಂದೆಗಳೊಡನೆ ಕೂತು ಹರಟಬಹುದು. ಪರೀಕ್ಷಣಕಾಲದಲ್ಲಿ ಹುಡುಗನ ಶಾಲೆಗೆ ಹೋಗಿ ಅವನ ಆಟವನ್ನು ಕಣ್ತುಂಬ ನೋಡಬಹುದು, ಬಾಯಿ ತೆರೆಯಕೂಡದು. ಮೌನಕಾಲದಲ್ಲಿ ಮಾತು ಕಾಲೇಜಿನ ಆವರಣದೊಳಗೆ ಮಾತ್ರ ಸಲ್ಲುವುದು. ಮೃತಕಾಲದಲ್ಲಿ ಎಲ್ಲಿಯೂ ಮುಖಾಮುಖಿಯಿಲ್ಲ. ಆದರೆ ಅಪವಾದವಿಲ್ಲದ ವಿಧಿಯುಂಟೆ? ಪರೀಕ್ಷಣಕಾಲದಲ್ಲಿ ಆಕಸ್ಮಿಕವಾಗಿ ಎದುರಾದರೆ ಒಂದು ಕುಶಲಪ್ರಶ್ನೆ ದೋಷವಲ್ಲವೆಂದು ಶಾಸ್ತ್ರವು ಕನಿಕರಿಸಿತು. ಅಂದಿನಿಂದ ಆ ದೇಶದ ಶಾಲಾ ಮೊಗಸಾಲೆಗಳಲ್ಲಿ ಆಕಸ್ಮಿಕಗಳು ಅತಿಶಯವಾಗಿ ಸಂಭವಿಸತೊಡಗಿದವು. ಬೀಜಗಣಿತದ ತರಗತಿ ಮುಗಿದು ಗಂಟೆ ಹೊಡೆಯುವ ಕ್ಷಣಕ್ಕೆ ಸರಿಯಾಗಿ, ಸಾವಿರ ಮೈಲಿ ದೂರದ ತರಬೇತುದಾರನು ದೈವಯೋಗದಿಂದ ಅದೇ ಬಾಗಿಲ ಮುಂದೆ ಹಾದುಹೋಗುತ್ತಿರುವನು. “ಚೆನ್ನಾಗಿದ್ದೀಯಾ?” ಎಂದರೆ ಶುದ್ಧ. “ಅಮ್ಮ ಚೆನ್ನಾಗಿದ್ದಾರೆಯೆ?” ಎಂಬುದರಲ್ಲಿ ಮತಭೇದ. “ನಮ್ಮಲ್ಲಿಗೆ ಬಾ” ಎಂದರೆ ಪಾತಕ. ತರಬೇತುದಾರರ ಆಡುಮಾತಿನಲ್ಲಿ ‘ಬಂಪ್’ ಎಂದು ಹೆಸರಾದ ಈ ಕುಶಲಪ್ರಶ್ನೆಯು ಎಷ್ಟು ಬೆಳೆಯಿತೆಂದರೆ, 2008ರಿಂದ ಫುಟ್‌ಬಾಲಿನ ಮುಖ್ಯ ತರಬೇತುದಾರರು ವಸಂತದ ಪರೀಕ್ಷಣಕಾಲದಲ್ಲಿ ಆಟಗಾರರನ್ನು ಅರಸಿ ಊರು ಬಿಟ್ಟು ಹೊರಡಲೇಕೂಡದೆಂದು ಕಟ್ಟಳೆಯಾಯಿತು. ಆ ಕಟ್ಟಳೆಗೆ ಆಗ ಅಲಬಾಮಾದ ತರಬೇತುದಾರರಾಗಿದ್ದ ನಿಕ್ ಸೇಬನ್ನರ ಹೆಸರು ಅಂಟಿಕೊಂಡಿತು. ಸೂತ್ರಕಾರನ ಹೆಸರು ಸೂತ್ರಕ್ಕೆ ಬರುವುದುಂಟು, ಸೂತ್ರವನ್ನು ಬರೆಯಿಸಿದವನ ಹೆಸರು ಬರುವುದು ಅಪೂರ್ವ.

ಆಹಾರನಿರ್ಣಯವು ಇದಕ್ಕಿಂತ ಗಹನ. ಊಟಗಳಿಗೆ ಲೆಕ್ಕವುಂಟು, ಉಪಾಹಾರಕ್ಕಿಲ್ಲವೆಂದು ಸ್ಥಾಪಿಸಿ, ಹಣ್ಣು, ಬೀಜ, ಬೇಗಲ್ ಎಂಬ ಬಳೆಯಾಕಾರದ ರೊಟ್ಟಿ, ಇವು ಮೂರನ್ನು ಆಟಗಾರನಿಗೆ ಯಾವ ವೇಳೆಯಲ್ಲಾದರೂ ಕೊಡಬಹುದೆಂದು ಒಂದು ಕಾಲದಲ್ಲಿ ವಿಧಿಸಿದ್ದರು. ಅದೇ ಬೇಗಲ್ಲಿನ ಮೇಲೆ ಕೆನೆಗಿಣ್ಣನ್ನು ಸವರಿದೊಡನೆ ನಿಷಿದ್ಧ. ಏಕಾದಶಿಯ ದಿನ ಅನ್ನವು ಮುಸುರೆ, ತುಪ್ಪ ಗೋಡಂಬಿಗಳ ಉಪ್ಪಿಟ್ಟು ಫಲಾಹಾರ ಎಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ನಮಗೆ ಈ ಸೂಕ್ಷ್ಮವು ಥಟ್ಟನೆ ಹೊಳೆಯುವುದಾದರೂ, ಅಮೆರಿಕದ ಪತ್ರಿಕೆಗಳು ಪರಿಹಾಸ್ಯ ಮಾಡಿದವು. 2014ರ ಏಪ್ರಿಲಿನಲ್ಲಿ ಕನೆಕ್ಟಿಕಟ್ ತಂಡಕ್ಕೆ ಬಾಸ್ಕೆಟ್‌ಬಾಲ್ ಕಿರೀಟವನ್ನು ಗೆದ್ದುಕೊಟ್ಟ ಶಬಾಜ್ ನೇಪಿಯರನು ತಾನು ಎಷ್ಟೋ ರಾತ್ರಿ ಹಸಿದು ಮಲಗಿದ್ದುಂಟೆಂದು ಪತ್ರಕರ್ತರೆದುರು ಆಡಿಬಿಟ್ಟನು. ಕೆಲವೇ ದಿನಗಳಲ್ಲಿ ಊಟೋಪಚಾರಗಳ ಮೇಲಿನ ಮಿತಿಯೇ ತೆಗೆಯಲ್ಪಟ್ಟಿತು. ಒಂದು ಸಮೃದ್ಧ ಪ್ರಕರಣವು ಹೀಗೆ ಹಸಿವಿನ ಕಾರಣದಿಂದ ಲುಪ್ತವಾದುದಕ್ಕೆ ವಿದ್ವಾಂಸರು ಮರುಗದಿರಲಾರರು.

ವಿದ್ಯಾಪ್ರಕರಣವು ಚಿಕ್ಕದು, ಹಾಗಿರುವುದೇ ಉಚಿತ. ಮೊದಲ ದರ್ಜೆಯಲ್ಲಿ ಆಡಬೇಕಾದವನು ಪ್ರೌಢಶಾಲೆಯಲ್ಲಿ ಹದಿನಾರು ಮೂಲಪಾಠಗಳನ್ನು ಓದಿ, ಅವುಗಳಲ್ಲಿ ಒಟ್ಟು ನಾಲ್ಕು ಅಂಕಗಳಿಗೆ 2.3ರ ಸರಾಸರಿಯನ್ನು ಪಡೆದಿರತಕ್ಕದ್ದು.

ದ್ರವ್ಯಶುದ್ಧಿಯಲ್ಲಿ ಮಾತ್ರ ಶಾಸ್ತ್ರಕಾರರ ಪ್ರತಿಭೆಯು ಕಳಶವನ್ನೇರಿರುವುದು. ಕ್ರಿಸ್ ವೈಂಕಿ ಎಂಬವನು ಹಲವು ವರ್ಷ ಸಂಬಳಕ್ಕೆ ಬೇಸ್‌ಬಾಲ್ ಆಡಿ, ಬಳಿಕ ಫ್ಲಾರಿಡಾ ಸ್ಟೇಟಿನಲ್ಲಿ ಪರಿಶುದ್ಧ ಹವ್ಯಾಸಿಯಾಗಿ ಫುಟ್‌ಬಾಲ್ ಆಡಿ, ಇಪ್ಪತ್ತೆಂಟರ ಪ್ರಾಯದಲ್ಲಿ 2000ದ ಹೈಸ್ಮನ್ ಪಾರಿತೋಷಕವನ್ನು ಪಡೆದನು. ಒಂದು ಆಟದ ಸಂಬಳ ಇನ್ನೊಂದು ಆಟಕ್ಕೆ ಸೋಕದೆಂಬುದು ಸಿದ್ಧಾಂತ. ಒಲಿಂಪಿಕ್ಸಿನಲ್ಲಿ ಹಿಮದ ಮೇಲೆ ಜಾರಿದ ಜೆರೆಮಿ ಬ್ಲೂಮನು ಅದನ್ನೇ ನಂಬಿ ಜಾಹೀರಾತಿನವರಿಂದ ಹಣ ಪಡೆದನು. 2004ರಲ್ಲಿ ಕೊಲೊರಾಡೋ ತಂಡದಲ್ಲಿ ಫುಟ್‌ಬಾಲ್ ಆಡುವ ಅಧಿಕಾರವನ್ನು ಕಳೆದುಕೊಂಡನು. ಸಂಬಳವು ಶ್ರಮದಿಂದ ಬಂದದ್ದು, ಜಾಹೀರಾತಿನ ಹಣ ಕೀರ್ತಿಯಿಂದ ಬಂದದ್ದು. ಶ್ರಮವು ಒಂದೇ ಆಟದಲ್ಲಿ ನಿಲ್ಲುವುದು, ಕೀರ್ತಿಯು ಹರಿದಾಡುವುದು. ಇದು ನಾನು ಕಲ್ಪಿಸಿದ ಸಮಾಧಾನ. ಇದಕ್ಕಿಂತ ಉತ್ತಮವಾದುದನ್ನು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಲು ಸಿದ್ಧನಿರುವೆನು. ಬಹುಕಾಲ ಹಿಂದೆ, 1955ರಲ್ಲಿ, ಆಟದ ಪೆಟ್ಟಿನಿಂದ ಮಡಿದ ಕೊಲೊರಾಡೋದ ಒಬ್ಬ ವಿದ್ಯಾರ್ಥಿಯ ವಿಧವೆಯು ಕಾರ್ಮಿಕ ಪರಿಹಾರವನ್ನು ಕೇಳಿದಾಗ, ಕಾಲೇಜು ಫುಟ್‌ಬಾಲಿನ ವ್ಯಾಪಾರದಲ್ಲಿಲ್ಲವೆಂದು ಆ ರಾಜ್ಯದ ಉಚ್ಚ ನ್ಯಾಯಪೀಠವು ಅವಳನ್ನು ಬರಿಗೈಯಲ್ಲಿ ಕಳುಹಿತು. ಈ ಪ್ರಮಾಣದ ಮುಂದೆ ಪರಿಹಾಸ್ಯವು ಬಾಯಿ ಮುಚ್ಚುವುದು. ಆದುದರಿಂದ ಮುಂದೆ ಸಾಗೋಣ.

2021ರ ಜೂನಿನಲ್ಲಿ ಆಲ್ಸ್‌ಟನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯೂ ಏಕಕಂಠದಿಂದ ಸಂಸ್ಥೆಯ ವಿರುದ್ಧ ತೀರ್ಪಿತ್ತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರನ್ನೂ ಮುಖವನ್ನೂ ಮಾರಿಕೊಳ್ಳಬಹುದೆಂದಾಯಿತು. 2025ರಲ್ಲಿ ‘ಹೌಸ್’ ಎಂಬ ಮೊಕದ್ದಮೆಯ ರಾಜಿ ಒಪ್ಪಂದದಿಂದ ಕಾಲೇಜುಗಳೇ ಆಟಗಾರರಿಗೆ ಮೊದಲ ವರ್ಷ ಸುಮಾರು ಎರಡು ಕೋಟಿ ಐದು ಲಕ್ಷ ಡಾಲರುಗಳ ತನಕ ನೇರವಾಗಿ ಹಂಚಬಹುದೆಂದಾಯಿತು. ನಿಷ್ಕಾಮಕರ್ಮವು ಅಳಿಯಿತೆಂದು ಶೋಕಿಸಿದವರು ಶಾಸ್ತ್ರದ ಜೀವಶಕ್ತಿಯನ್ನು ಅರಿಯದವರು. ಹೊರಗಿನವರು ಆಟಗಾರನಿಗೆ 600 ಡಾಲರುಗಳನ್ನೋ ಅದಕ್ಕೆ ಮಿಗಿಲಾಗಿಯೋ ಕೊಟ್ಟರೆ, ಆ ವ್ಯವಹಾರದಲ್ಲಿ ನಿಜವಾದ ವ್ಯಾಪಾರೋದ್ದೇಶವುಂಟೆ, ಮೊತ್ತವು ನ್ಯಾಯವಾದ ಬೆಲೆಗೆ ಸಮೀಪವೆ ಎಂದು ಪರೀಕ್ಷಿಸಲು ಹೊಸ ಪೀಠವೊಂದು ಏರ್ಪಟ್ಟಿರುವುದು. ಒಂದು ಕಾಲಕ್ಕೆ ಹಣ ಮುಟ್ಟಿದನೆ ಎಂದು ಕೇಳುತ್ತಿದ್ದವರು ಈಗ ಮುಟ್ಟಿದ್ದು ಹೆಚ್ಚಾಯಿತೆ ಎಂದು ಕೇಳತಕ್ಕವರಾದರು. ಋತುವಿಡೀ ಬೆಂಚಿನ ಮೇಲೆಯೇ ಕೂತಿದ್ದ ಹುಡುಗನೊಬ್ಬನ ಮುಖಚಿತ್ರಕ್ಕೆ, ಆ ಕಾಲೇಜಿನಲ್ಲಿಯೇ ಓದಿ ಈಗ ಮೋಟಾರುಗಾಡಿ ಮಾರುವ ಮಹನೀಯರೊಬ್ಬರು ಲಕ್ಷ ಡಾಲರುಗಳನ್ನು ತೆತ್ತರೆ, ಅದು ಜಾಹೀರಾತೆ, ದಾನವೆ, ವಾತ್ಸಲ್ಯವೆ ಎಂಬುದಕ್ಕೆ ಲಕ್ಷಣಗ್ರಂಥವು ಇನ್ನು ಮೇಲೆ ರಚಿತವಾಗಬೇಕು. ಪುಟಗಳ ಸಂಖ್ಯೆಗೆ ಕೊರತೆಯಾಗದು.